ಫಿಲಡೆಲ್ಫಿಯಾದ ಸಂವಿಧಾನ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಬಹುದೇ?

ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿರುವ ನಿಮಗೆ ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಸಿಗುತ್ತದೆ. ಅಮೆರಿಕದ ಸ್ವಾತಂತ್ರ್ಯದ ಸಂಕೇತವಾದ ಲಿಬರ್ಟಿ ಬೆಲ್ ಗಂಟೆ ನೋಡಿ ಹಿಂದಿರುಗಿದರೆ ಸಾಕೇ, ಇಲ್ಲ ಟಿಕೆಟ್ ಕೊಂಡು ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ಗೂ ಹೋಗಬೇಕೇ, ಅದು ಮಕ್ಕಳು ಗುಂಡಿ ಒತ್ತಿ ಆಡುವ ಜಾಗವಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ಬಹಳ ವರ್ಷ ಪೌರನೀತಿ ಪಾಠ ಮಾಡಿದ ನಾನು, ಅಲ್ಲಿಗೆ ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಹೋಗಿ ಎಂಬುದೇ ನನ್ನ ಉತ್ತರ.

ಆದರೆ ಹಳೆಯ ಮೂಲಪ್ರತಿಗಳನ್ನು ಕಣ್ಣಾರೆ ನೋಡುವ ಆಸೆಯೊಂದನ್ನೇ ಇಟ್ಟುಕೊಂಡು ಹೋದರೆ ನಿರಾಶೆಯಾದೀತು. 1787ರ ಸೆಪ್ಟೆಂಬರ್ 17ರಂದು ಸಹಿ ಬಿದ್ದ ಅಮೆರಿಕ ಸಂವಿಧಾನದ ನಾಲ್ಕು ಚರ್ಮದ ಹಾಳೆಗಳಿರುವುದು ವಾಷಿಂಗ್ಟನ್ನಿನಲ್ಲಿ; ಸಹಿ ಬಿದ್ದ ಕೋಣೆಯಿರುವುದು ಇಂಡಿಪೆಂಡೆನ್ಸ್ ಹಾಲ್‌ನಲ್ಲಿ. ಸೆಂಟರ್‌ನ ಕಟ್ಟಡವಾದರೋ 2003ರ ಜುಲೈ 4ರಂದು ಬಾಗಿಲು ತೆರೆದದ್ದು. ಸಹಿಯಾದ ಎರಡು ದಿನಕ್ಕೆ ಇಡೀ ಸಂವಿಧಾನವನ್ನು ಜನರ ಕೈಗಿತ್ತ ‘ಪೆನ್ಸಿಲ್ವೇನಿಯಾ ಪ್ಯಾಕೆಟ್’ ಪತ್ರಿಕೆಯ ಮೂಲಪ್ರತಿಯೊಂದು ಇಲ್ಲಿದೆ ಎಂಬುದು ದೊಡ್ಡ ಮಾತೇ, ಆದರೂ ಈ ಸಂಸ್ಥೆಯ ಬಲವಿರುವುದು ವಸ್ತುಗಳಲ್ಲಲ್ಲ. ಮುಗಿದುಹೋಯಿತೆಂದು ನಾವು ತಿಳಿದಿರುವ ವಾದಗಳ ನಡುವೆ ನಮ್ಮನ್ನು ತಂದು ನಿಲ್ಲಿಸುವುದರಲ್ಲಿ.

ಆದ್ದರಿಂದ ಬೆಳಿಗ್ಗೆ ಮೊದಲು ಇಂಡಿಪೆಂಡೆನ್ಸ್ ಹಾಲ್ ನೋಡಿಕೊಳ್ಳಿ. ಅಲ್ಲಿಗೆ ವರ್ಷದ ಬಹುಪಾಲು ಸಮಯ ನಿಗದಿಯಾದ ಟಿಕೆಟ್ ಬೇಕಾಗುವುದರಿಂದ ಮುಂಚಿತವಾಗಿ ಕಾದಿರಿಸಲು ಮಗಳಿಗೆ ಹೇಳಿ. ಅಲ್ಲಿಂದ ಹುಲ್ಲುಹಾಸಿನ ಪಕ್ಕ ಹತ್ತು ನಿಮಿಷ ನಡೆದರೆ ಸೆಂಟರ್‌ನ ಕಟ್ಟಡ. ವಿಳಾಸ 525, ಆರ್ಚ್ ಸ್ಟ್ರೀಟ್. 1787ರ ಸಂವಿಧಾನ ರಚನಾ ಸಮಾವೇಶ ಕಲಾಪ ಆರಂಭಿಸಿದ್ದು ಮೇ 25ರಂದು. ತಿಂಗಳನ್ನು ಮೊದಲು ಬರೆಯುವ ಅಮೆರಿಕದವರ ಪದ್ಧತಿಯಲ್ಲಿ ಅದು 5/25, ಅದಕ್ಕೇ ಈ ಸಂಖ್ಯೆಯನ್ನು ಆರಿಸಿಕೊಂಡರಂತೆ.

ಒಳಗೆ ಮೊದಲು ಒಂದು ವೃತ್ತಾಕಾರದ ರಂಗಮಂದಿರ. ಸುಮಾರು ಹದಿನೇಳು ನಿಮಿಷ ಒಬ್ಬ ಕಲಾವಿದರು ನಡುವೆ ನಿಂತು ದೇಶದ ಕಥೆ ಹೇಳುತ್ತಾರೆ, ಸುತ್ತಲೂ ಚಿತ್ರಗಳು ಓಡುತ್ತವೆ. ಸ್ವಲ್ಪ ಅಬ್ಬರ ಹೆಚ್ಚೆನಿಸಿತು, ಆದರೆ ಹಿನ್ನೆಲೆ ಗೊತ್ತಿಲ್ಲದವರಿಗೆ ಅನುಕೂಲ. ಅಲ್ಲಿಂದ ಮೇಲೇರಿದರೆ ನೀವು ಹೇಳಿದ ಗುಂಡಿ, ಪರದೆಗಳ ಪ್ರಪಂಚ. ನ್ಯಾಯಾಧೀಶರ ನಿಲುವಂಗಿ ತೊಡಬಹುದು, ಅಧ್ಯಕ್ಷರಂತೆ ಪ್ರಮಾಣವಚನ ಸ್ವೀಕರಿಸಬಹುದು. ನನ್ನ ಮೊಮ್ಮಗ ಬಲಗೈ ಎತ್ತಿ, ಪರದೆಯ ಮೇಲಿನ ಮಾತುಗಳನ್ನು ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ಹೇಳಿದ. ಆ ದೇಶದಲ್ಲೇ ಹುಟ್ಟಿದವನಾದ್ದರಿಂದ ಅವನಿಗೆ ಅರ್ಹತೆಯೂ ಉಂಟು, ಮೂವತ್ತೈದು ತುಂಬಬೇಕಷ್ಟೆ. ನನಗಂತೂ ಆ ಯೋಗವಿಲ್ಲವೆಂದು ಮಗಳು ನಕ್ಕಳು. ಈ ಭಾಗದಲ್ಲಿ ಎಲ್ಲವನ್ನೂ ಓದುತ್ತ ನಿಂತರೆ ಸಂಜೆಯಾಗುತ್ತದೆ. ಮಕ್ಕಳಿಗೆ ಬೇಕಾದ್ದನ್ನು ಮಾಡಲು ಬಿಟ್ಟು ಮುಂದೆ ನಡೆಯಿರಿ.

ನೀವು ನಿಧಾನವಾಗಿ ನೋಡಬೇಕಾದ್ದು 2019ರಲ್ಲಿ ತೆರೆದ, ಅಂತರ್ಯುದ್ಧ ಮತ್ತು ಅದರ ನಂತರದ ಪುನರ್ನಿರ್ಮಾಣ ಕಾಲದ ವಿಭಾಗ. ಮೂಲ ಸಂವಿಧಾನದಲ್ಲಿ ‘ಗುಲಾಮ’ ಎಂಬ ಶಬ್ದವೇ ಇಲ್ಲ. ‘ಇತರ ವ್ಯಕ್ತಿಗಳು’ ಎಂದು ಮರೆಮಾಚಿ ಬರೆದು, ಜನಸಂಖ್ಯೆಯ ಲೆಕ್ಕದಲ್ಲಿ ಅವರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿದ್ದರು. ಆ ಮರೆಮಾಚುವಿಕೆಗೆ ತೆತ್ತ ಬೆಲೆ ಈ ವಿಭಾಗದಲ್ಲಿದೆ. 1859ರ ಹಾರ್ಪರ್ಸ್ ಫೆರಿ ದಾಳಿಯಲ್ಲಿ ಗುಲಾಮರ ಕೈಗೆ ಕೊಡಲೆಂದು ಗುಲಾಮಗಿರಿಯ ಕಡುವಿರೋಧಿ ಜಾನ್ ಬ್ರೌನ್ ಕಮ್ಮಾರನಿಂದ ಮಾಡಿಸಿದ್ದ ಈಟಿಗಳಲ್ಲೊಂದು ಅಲ್ಲಿದೆ. ಉದ್ದನೆಯ ಕೋಲಿನ ತುದಿಗೆ ಎರಡು ಬಾಯಿಯ ಅಲಗು. ನಮ್ಮೂರಿನ ಕುಲುಮೆಯಲ್ಲೂ ಆಗಬಹುದಾದಷ್ಟು ಸಾದಾ ಕೆಲಸ. ಅದರ ಮುಂದೆ ನಾನು ಬಹಳ ಹೊತ್ತು ನಿಂತೆ.

ಕರಿಯರು ಈ ದೇಶದ ಪ್ರಜೆಗಳಾಗಲಾರರೆಂದು 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅಳಿಸಿದ್ದು 1868ರ ಹದಿನಾಲ್ಕನೆಯ ತಿದ್ದುಪಡಿ. ಇಲ್ಲಿ ಹುಟ್ಟಿ ಇಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ಇಲ್ಲಿನ ಪ್ರಜೆಗಳು ಎಂಬ ಅದರ ಮೊದಲ ವಾಕ್ಯದ ಬಲದಿಂದಲೇ ನನ್ನ ಮೊಮ್ಮಗ ಕೆಲವೇ ನಿಮಿಷಗಳ ಹಿಂದೆ ಪ್ರಮಾಣವಚನದ ಆಟವಾಡಿದ್ದ. ಅದನ್ನು ಅವನಿಗೆ ಅಲ್ಲಿಯೇ ಹೇಳಿದೆ. ಎಷ್ಟು ಅರ್ಥವಾಯಿತೋ ತಿಳಿಯದು.

ಅದೇ ತಿದ್ದುಪಡಿಯಲ್ಲಿರುವ ‘ಡ್ಯೂ ಪ್ರೋಸೆಸ್’ (ನ್ಯಾಯೋಚಿತ ಕ್ರಮ) ಎಂಬ ಎರಡು ಶಬ್ದಗಳಿಗೆ ನಮ್ಮವರ ಸಂಬಂಧವೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ, ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು ಆ ಶಬ್ದಗಳು ನ್ಯಾಯಾಲಯದ ಕೈಗೆ ಅತಿಯಾದ ಅಧಿಕಾರ ಕೊಡುತ್ತವೆಂದು ಎಚ್ಚರಿಸಿದ್ದರು. ನಮ್ಮ 21ನೆಯ ಅನುಚ್ಛೇದದಲ್ಲಿ ಅವುಗಳ ಬದಲಿಗೆ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂದಷ್ಟೇ ಇರುವುದಕ್ಕೆ ಆ ಭೇಟಿಯೂ ಒಂದು ಕಾರಣ. ತರಗತಿಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದ ಆ ವಿಷಯಕ್ಕೆ ಅಲ್ಲಿ ನಿಂತಾಗ ಮೈಬಂತು.

ಕೊನೆಗೆ ಬರುವುದು ಸೈನರ್ಸ್ ಹಾಲ್. ಸಮಾವೇಶದ ಪ್ರತಿನಿಧಿಗಳ ಆಳೆತ್ತರದ 42 ಕಂಚಿನ ಪ್ರತಿಮೆಗಳು ಕಟ್ಟೆಯಾಗಲಿ ಬೇಲಿಯಾಗಲಿ ಇಲ್ಲದೆ ನಮ್ಮ ಮಟ್ಟದಲ್ಲೇ ನಿಂತಿವೆ, ಕೂತಿವೆ. ಮುಟ್ಟಬಹುದು, ಪಕ್ಕದಲ್ಲಿ ನಿಂತು ಎತ್ತರ ಅಳೆಯಬಹುದು. ವಾಷಿಂಗ್ಟನ್ನರ ಭುಜಕ್ಕೂ ನಾನು ಬರಲಿಲ್ಲ. ಸಂವಿಧಾನದ ಮುಖ್ಯ ಶಿಲ್ಪಿ, ಕುಳ್ಳಗಿದ್ದ ಮ್ಯಾಡಿಸನ್ನರ ಬಳಿ ನಿಂತಾಗ ಸಮಾಧಾನವಾಯಿತು. ಸಹಿ ಹಾಕಿದವರು 39 ಮಂದಿ. ಉಳಿದ ಮೂವರು ಕೊನೆಯ ದಿನದವರೆಗೆ ಸಭೆಯಲ್ಲಿದ್ದು ಸಹಿ ಹಾಕಲು ಒಪ್ಪದ ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್ ಮತ್ತು ಎಲ್ಬ್ರಿಜ್ ಗೆರ್ರಿ. ಚುನಾವಣಾ ಕ್ಷೇತ್ರಗಳನ್ನು ಬೇಕಾದಂತೆ ಕೊರೆದುಕೊಳ್ಳುವುದಕ್ಕೆ ಅಮೆರಿಕದವರು ಇಟ್ಟ ‘ಗೆರಿಮ್ಯಾಂಡರ್’ ಎಂಬ ಹೆಸರು ಈ ಗೆರ್ರಿಯವರದೇ ಎಂಬುದು ಬೇರೆ ಮಾತು.

“ತಾತ, ಸೈನ್ ಮಾಡದೇ ಇದ್ದೋರ್ನ ಯಾಕೆ ಇಲ್ಲಿ ನಿಲ್ಸಿದ್ದಾರೆ?” ಎಂದು ಮೊಮ್ಮಗ ಕೇಳಿದ. ಪ್ರಜೆಗಳ ಹಕ್ಕುಗಳನ್ನು ಇದರಲ್ಲಿ ಬರೆದಿಲ್ಲವಲ್ಲ ಎಂಬುದು ಮೇಸನ್ನರ ಮುಖ್ಯ ತಕರಾರು. ನಾಲ್ಕೇ ವರ್ಷದಲ್ಲಿ, 1791ರಲ್ಲಿ, ಅವೇ ಹಕ್ಕುಗಳು ಮೊದಲ ಹತ್ತು ತಿದ್ದುಪಡಿಗಳಾಗಿ ಬಂದವು ಎಂದು ಹೇಳಿದೆ. “ಹಾಗಾದ್ರೆ ಅವರೇ ಕರೆಕ್ಟು” ಎಂದು ಹೋಗಿ ಮೇಸನ್ನರ ಪಕ್ಕದಲ್ಲೇ ಫೋಟೋ ತೆಗೆಸಿಕೊಂಡ.

ಹೊರಡುವ ಮುನ್ನ ಎರಡನೆಯ ಮಹಡಿಯ ಗಾಜಿನ ಗೋಡೆಯ ಬಳಿ ಹೋಗಿ. ವಾಷಿಂಗ್ಟನ್ನಿನಲ್ಲಿ ಮುಚ್ಚಿಹೋದ ನ್ಯೂಸಿಯಂ ಸಂಗ್ರಹಾಲಯದ ಮುಂಭಾಗದಲ್ಲಿದ್ದ ಐವತ್ತು ಟನ್ ಅಮೃತಶಿಲೆಯ ಫಲಕ ಈಗ ಅಲ್ಲಿದೆ. ಅದರಲ್ಲಿ ಕೆತ್ತಿರುವುದು ಮಾತು, ಪತ್ರಿಕೆ, ಧರ್ಮಗಳ ಸ್ವಾತಂತ್ರ್ಯವನ್ನು ಕಾಯುವ ಮೊದಲ ತಿದ್ದುಪಡಿಯ 45 ಶಬ್ದಗಳು. ಗಾಜಿನಾಚೆ ನೇರ ಎದುರಿಗೆ ಬೆಳಿಗ್ಗೆ ನೀವು ನೋಡಿದ ಇಂಡಿಪೆಂಡೆನ್ಸ್ ಹಾಲ್ ಕಾಣುತ್ತದೆ. ಇಷ್ಟಕ್ಕೆ ಎರಡೂವರೆ, ಮೂರು ಗಂಟೆ ಬೇಕು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ದಿನ ಗೊತ್ತುಮಾಡುವ ಮೊದಲು ಅವರ ಜಾಲತಾಣ ನೋಡಿಕೊಳ್ಳಿ. ಲಿಬರ್ಟಿ ಬೆಲ್‌ನ ಚಿಂತೆ ಬೇಡ: ಅದು ಈ ಎರಡೂ ಕಟ್ಟಡಗಳ ನಡುವಿನ ದಾರಿಯಲ್ಲೇ ಸಿಗುತ್ತದೆ, ಅದಕ್ಕೆ ಟಿಕೆಟ್ಟೂ ಇಲ್ಲ.