ಕಿರುನಾಕ್ಕೆ ಬರಬಹುದಾ ಎಂದು ಕೇಳಿದ ಸಂಡೂರಿನ ತಮ್ಮನಿಗೆ

ನಿಮ್ಮ ಪತ್ರ ಓದಿದೆ. ಸಂಡೂರಿನ ಗಣಿಯಲ್ಲಿ ಆರು ವರ್ಷದ ಕೆಲಸ, ಈಗ ಸ್ವೀಡನ್ನಿನ ಉತ್ತರ ತುದಿಯ ಕಬ್ಬಿಣದ ಗಣಿ ಊರು ಕಿರುನಾದಿಂದ ಆಫರ್, ಮನೆಯಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳು. ಚಳಿ ತಡೆಯೋಕಾಗುತ್ತಾ, ಸಂಬಳ ಸಾಲುತ್ತಾ, ಸಸ್ಯಾಹಾರ ಸಿಗುತ್ತಾ ಎಂದು ಮೂರು ಪ್ರಶ್ನೆ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇವನ್ನೇ ಕೇಳಿದ್ದೆ. ಕೇಳಬೇಕಾದ ನಾಲ್ಕನೆಯದನ್ನು ಮಾತ್ರ ಕೇಳಿರಲಿಲ್ಲ.

ಮೊದಲು ಚಳಿ. ಮೈನಸ್ 30 ಬರುತ್ತದೆ, ಸುಳ್ಳಲ್ಲ. ಆದರೆ ಮನೆ ಒಳಗೆ ಬೆಚ್ಚಗಿರುತ್ತದೆ, ಬಟ್ಟೆ ಸರಿ ಇದ್ದರೆ ಹೊರಗೂ ನಡೆಯುತ್ತದೆ. ನಮ್ಮೂರಿಂದ ಸ್ವೆಟರ್ ಹೊತ್ತು ತರಬೇಡಿ, ಇಲ್ಲೇ ಕೊಳ್ಳಿ. ಕಾರಿಗೂ ರಾತ್ರಿ ಕರೆಂಟ್ ಚುಚ್ಚಬೇಕು, ಎಂಜಿನ್ ಬಿಸಿ ಇರಲಿ ಅಂತ. ಚಳಿಗಾಲದ ಟೈರು ಕಾನೂನು ಪ್ರಕಾರವೇ ಬೇಕು. ಒಂದು ತಿಂಗಳಲ್ಲಿ ಎಲ್ಲ ಅಭ್ಯಾಸವಾಗುತ್ತದೆ.

ಸಂಬಳದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತೆರಿಗೆಗೆ ಹೋಗುತ್ತದೆ. ಮೊದಲ ಪೇಸ್ಲಿಪ್ ನೋಡಿ ನನಗೆ ಹೊಟ್ಟೆ ಉರಿದಿತ್ತು. ಆಮೇಲೆ ಲೆಕ್ಕ ಹಾಕಿದೆ: ಶಾಲೆಗೆ ಫೀಸಿಲ್ಲ, ಶಿಶುವಿಹಾರದ ಫೀಸಿಗೆ ಮಿತಿ ಇದೆ, ಆಸ್ಪತ್ರೆ ಖರ್ಚು ಬಹಳ ಕಮ್ಮಿ. ಮಗುವಿಗೆ ಜ್ವರ ಬಂದರೆ ಅಪ್ಪನೇ ರಜೆ ಹಾಕಬಹುದು, ಅದಕ್ಕೆ ಸರ್ಕಾರದ ಭತ್ಯೆಯೂ ಇದೆ. ಅದಕ್ಕೆ 'ವಾಬ್' ಅಂತಾರೆ. ಮೊದಲ ಸಲ ಫೋರ್‌ಮನ್‌ಗೆ ಹೆದರುತ್ತಾ ಫೋನ್ ಮಾಡಿದ್ದೆ. 'ಸರಿ, ಹುಷಾರಾದ ಮೇಲೆ ಬಾ' ಅಂದ, ಅಷ್ಟೇ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತರಕಾರಿ ಸಿಗುತ್ತದೆ. ತೊಗರಿಬೇಳೆ, ಹುಣಸೆಹಣ್ಣು ಆನ್‌ಲೈನ್‌ನಲ್ಲಿ ತರಿಸುತ್ತೇವೆ. ಇಡ್ಲಿ ಹಿಟ್ಟು ಹುಳಿ ಬರಲು ನಮ್ಮ ಮನೆಯಲ್ಲಿ ಒಂದೇ ಜಾಗ: ಬಾತ್‌ರೂಮಿನ ಬಿಸಿ ನೆಲ. ಅತಿಥಿಗಳಿಗೆ ಇದನ್ನು ಹೇಳುವುದಿಲ್ಲ.

ಇನ್ನು ಕೆಲಸ. ನೀವು ಬಯಲಲ್ಲೇ ಅಗೆಯುವ ಓಪನ್‌ಕಾಸ್ಟ್‌ನವರು, ಇಲ್ಲಿ ಎಲ್ಲವೂ ನೆಲದೊಳಗೆ. ಕೀರುನವಾರಾ ಗುಡ್ಡದ ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಅದಿರು, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಲಗೆಯಂತೆ ಓರೆಯಾಗಿ ಕೆಳಗಿಳಿದಿದೆ. ಈಗ ಕೆಲಸ ನಡೆಯುವ ಮುಖ್ಯ ಹಂತ 1365 ಮೀಟರ್ ಆಳದಲ್ಲಿದೆ. ನೆಲದ ಮಟ್ಟದಿಂದಲ್ಲ, ಗುಡ್ಡದ ಹಳೇ ತುದಿಯಿಂದ ಅಳೆದದ್ದು. ಆ ತುದಿ ಈಗಿಲ್ಲ, ಅದನ್ನೂ ಅಗೆದು ತೆಗೆದಾಗಿದೆ. ಲೋಡರ್‌ಗಳಲ್ಲಿ ಕೆಲವನ್ನು ಕಂಟ್ರೋಲ್ ರೂಮಿನಲ್ಲಿ ಕೂತು ಓಡಿಸುತ್ತಾರೆ. ತಳದ ಹಂತದ ಅದಿರು ರೈಲಿಗೆ ಡ್ರೈವರ್ ಇಲ್ಲ. ಮೇಲೆ ಬಂದ ಅದಿರು ಪೆಲೆಟ್ ಎಂಬ ಸಣ್ಣ ಉಂಡೆಗಳಾಗಿ, 68 ವ್ಯಾಗನ್‌ಗಳ ರೈಲಿನಲ್ಲಿ ನಾರ್ವೆಯ ನಾರ್ವಿಕ್ ಬಂದರಿಗೆ ಹೋಗುತ್ತದೆ. ಅಲ್ಲಿ ಚಳಿಗಾಲದಲ್ಲೂ ಸಮುದ್ರ ಹೆಪ್ಪುಗಟ್ಟುವುದಿಲ್ಲ.

ಕೆಲಸಗಾರರ ಮಾತಿಗೆ ಇಲ್ಲಿ ತೂಕವಿದೆ. 1969ರ ಡಿಸೆಂಬರಿನಿಂದ ಗಣಿ ಕೆಲಸಗಾರರು ತಮ್ಮ ಯೂನಿಯನ್ನಿನ ಮಾತನ್ನೂ ಕೇಳದೆ ಸುಮಾರು ಎರಡು ತಿಂಗಳು ಮುಷ್ಕರ ಕೂತಿದ್ದರು. ಹಳಬರ ಮನೆಗಳಲ್ಲಿ ಇವತ್ತಿಗೂ ಆ ಮಾತು ಬರುತ್ತದೆ. ಸುರಕ್ಷಿತವಲ್ಲ ಅನ್ನಿಸಿದರೆ 'ಇಲ್ಲ' ಅನ್ನಿ, ಯಾರೂ ಸಿಟ್ಟಾಗುವುದಿಲ್ಲ. ನಮ್ಮ ಕಡೆಯಿಂದ ಬಂದವರು ಇದನ್ನು ಕಲಿಯುವುದೇ ನಿಧಾನ, ನಾನೂ ಹಾಗೇ.

ರಾತ್ರಿ ಒಂದೂವರೆ ಸುಮಾರಿಗೆ ಕೆಳಗೆ ಬ್ಲಾಸ್ಟಿಂಗ್ ನಡೆಯುತ್ತದೆ. ಮೊದಲ ವಾರ ಮಂಚ ನಡುಗಿದಾಗ ಎದ್ದು ಕೂರುತ್ತೀರಿ. ಆಮೇಲೆ ಏಳುವುದಿಲ್ಲ.

ಆಫರ್ ಜೊತೆ ಮನೆ ಕೊಡುತ್ತಾರಾ, ಕೊಟ್ಟರೆ ಎಲ್ಲಿ ಎಂದು ಬರವಣಿಗೆಯಲ್ಲೇ ಕೇಳಿ. ಅದಿರು ಊರಿನ ಅಡಿಗೇ ಇಳಿದಿರುವುದರಿಂದ ಮೇಲಿನ ನೆಲ ಬಿರುಕು ಬಿಡುತ್ತಿದೆ. ಅದಕ್ಕೇ ಊರನ್ನೇ ಸರಿಸುತ್ತಿದ್ದಾರೆ. ಮೂರು ಕಿಲೋಮೀಟರ್ ಪೂರ್ವಕ್ಕೆ ಹೊಸ ಪೇಟೆ 2022ರಲ್ಲಿ ಶುರುವಾಯಿತು. 1912ರ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಟ್ರೇಲರ್ ಮೇಲೆ ಕೂರಿಸಿ, ಎರಡು ದಿನ ಎಳೆದು, ಐದು ಕಿಲೋಮೀಟರ್ ದೂರ ಇಟ್ಟರು. 672 ಟನ್! ನಮ್ಮೂರಿನ ತೇರು ನೆನಪಾಯಿತು, ಹಗ್ಗ ಒಂದಿರಲಿಲ್ಲ.

ನಾನು ಕುದುರೆಮುಖದ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಅಪ್ಪ ಅಲ್ಲಿ ಫಿಟ್ಟರ್. ಅಲ್ಲಿಯೂ ಇದೇ ಮ್ಯಾಗ್ನಟೈಟ್. 2005ರ ಕೊನೆಗೆ ಗಣಿ ನಿಂತಿತು, ಒಂದೊಂದೇ ಮನೆಗೆ ಬೀಗ ಬಿತ್ತು. ಅಲ್ಲಿ ಗಣಿ ನಿಂತು ಊರು ಹೋಯಿತು. ಇಲ್ಲಿ ಗಣಿ ನಿಲ್ಲದಿರಲಿ ಅಂತ ಊರೇ ಎದ್ದು ಹೋಗುತ್ತಿದೆ. ಅಪ್ಪ ಒಮ್ಮೆ ಬಂದಾಗ ಹಳೇ ಪೇಟೆಯ ಬೇಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಏನೂ ಮಾತಾಡಲಿಲ್ಲ.

ಇನ್ನು ಆ ನಾಲ್ಕನೆಯ ಪ್ರಶ್ನೆ. ನಿಮ್ಮ ಹೆಂಡತಿ ಇಲ್ಲಿ ಏನು ಮಾಡುತ್ತಾರೆ? ನಿಮ್ಮ ಪತ್ರದಲ್ಲಿ ಅವರ ಓದು, ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಡಿಸೆಂಬರ್ ಎರಡನೇ ವಾರದಿಂದ ಹೊಸ ವರ್ಷದ ತನಕ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಮಧ್ಯಾಹ್ನ ಒಂದಿಷ್ಟು ನೀಲಿ ಬೆಳಕು, ಮತ್ತೆ ಕತ್ತಲೆ. 'ನಿನಗೇನು, ನೆಲದೊಳಗೆ ದೀಪ ಇರುತ್ತೆ. ಕತ್ತಲೆ ಮೇಲಿರೋ ನನಗೆ' ಎಂದು ಮನೆಯವಳು ಮೊದಲ ಚಳಿಗಾಲದಲ್ಲಿ ಹೇಳಿದ್ದಳು. ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಮೂರು ತಿಂಗಳು ಕಿಟಕಿ ಪಕ್ಕ ಕೂತಿದ್ದಳು. ನಾನು ಶಿಫ್ಟ್, ಓವರ್‌ಟೈಮ್ ಅಂತ ಓಡಾಡುತ್ತಿದ್ದೆ. ಅದು ನನ್ನ ತಪ್ಪು.

ಅವಳನ್ನು ಎಬ್ಬಿಸಿದ್ದು ಭಾಷೆ. ವಲಸೆ ಬಂದವರಿಗೆ ಸ್ವೀಡಿಷ್ ತರಗತಿ ಪುಕ್ಕಟೆ, 'ಎಸ್‌ಎಫ್‌ಐ' ಅಂತ. ಇಲ್ಲಿನ ನಿವಾಸಿ ಎಂದು ಸರ್ಕಾರ ಕೊಡುವ ನೋಂದಣಿ ಸಂಖ್ಯೆ ಕೈಗೆ ಬಂದ ವಾರವೇ ಇಬ್ಬರೂ ಹೆಸರು ಕೊಡಿ. ಗಣಿಯಲ್ಲಿ ನಿಮಗೆ ಇಂಗ್ಲಿಷ್ ಒಂದಷ್ಟು ದಿನ ಸಾಕಾಗಬಹುದು. ಶಿಶುವಿಹಾರ, ಆಸ್ಪತ್ರೆ, ಅಂಗಡಿ, ಎಲ್ಲೇ ಕೆಲಸ ಬೇಕೆಂದರೂ ನಿಮ್ಮ ಹೆಂಡತಿಗೆ ಸ್ವೀಡಿಷ್ ಬೇಕೇ ಬೇಕು. ನಮ್ಮವಳಿಗೆ ಎರಡು ವರ್ಷ ಹಿಡಿಯಿತು. ಈಗ ಶಿಶುವಿಹಾರದಲ್ಲಿ ಕೆಲಸ, ಊರಲ್ಲಿ ನನಗಿಂತ ಅವಳಿಗೇ ಪರಿಚಯ ಜಾಸ್ತಿ.

ಆಗುವುದಾದರೆ ಮೇ ತಿಂಗಳಲ್ಲಿ ಬನ್ನಿ, ನವೆಂಬರಿನಲ್ಲಿ ಬೇಡ. ಮೇ ಕೊನೆಯಿಂದ ಜುಲೈ ಮಧ್ಯದ ತನಕ ಸೂರ್ಯ ಮುಳುಗುವುದೇ ಇಲ್ಲ. ಮಗಳನ್ನು ಮಲಗಿಸುವುದು ಕಷ್ಟ, ದಪ್ಪ ಪರದೆ ಹಾಕಬೇಕು, ಸೊಳ್ಳೆ ಬೇರೆ. ಆದರೂ ಕತ್ತಲೆ ಬರುವ ಮೊದಲು ನಾಲ್ಕು ಜನ ಗುರುತಾಗಿರುತ್ತಾರೆ.

ಸಹಿ ಹಾಕುವ ಮುಂಚೆ ಇದನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ. ಅವರಿಗೆ ಏನಾದರೂ ಕೇಳಬೇಕಿದ್ದರೆ ನನಗೆ ಬರೆಯುವುದು ಬೇಡ, ನೇರ ನಮ್ಮವಳಿಗೇ ಬರೆಯಲಿ. ಭಾನುವಾರ ಬಿಡುವಾಗಿರುತ್ತಾಳೆ.