ತೋಳು ದಪ್ಪವಾಯಿತು, ಚೀಲ ಯಾಕೆ ಏಳುತ್ತಿಲ್ಲ?

ಪ್ರಶ್ನೆ: ನನಗೆ 25 ವರ್ಷ. ಹರಿಹರದ ಹತ್ತಿರ ನಮ್ಮೂರು. ಎರಡು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ತೋಳು 12 ಇಂಚಿನಿಂದ 14 ಇಂಚಿಗೆ ಬಂದಿದೆ, ಎದೆಯೂ ತುಂಬಿಕೊಂಡಿದೆ. ಆದರೆ ಈ ಸುಗ್ಗಿಯಲ್ಲಿ ಭತ್ತದ ಚೀಲ ಲೋಡ್ ಮಾಡುವಾಗ ನಾಚಿಕೆಯಾಯಿತು. ಚೀಲ ಹೊರಲು ಬರುವ ಅಣ್ಣ ನನಗಿಂತ ಸಣಕಲು. ಅವರು 70 ಕೆಜಿ ಚೀಲವನ್ನು ಸಲೀಸಾಗಿ ಬೆನ್ನಿಗೇರಿಸಿಕೊಂಡು ನಡೆದರು. ನಾನು ಎರಡನೇ ಚೀಲಕ್ಕೇ ಸುಸ್ತು. ನನ್ನದು ಬರೀ ಗಾಳಿ ಮೈಯಾ ಸರ್? ಗಾತ್ರಕ್ಕೊಂದು, ಬಲಕ್ಕೊಂದು ಬೇರೆ ಬೇರೆ ವ್ಯಾಯಾಮ ಇದೆಯಾ?

ಉತ್ತರ: ಗಾಳಿ ಮೈ ಅಲ್ಲ. ಮೊದಲು ಆ ಮಾತನ್ನು ತಲೆಯಿಂದ ತೆಗೆದುಬಿಡಿ. ತೋಳು ಎರಡು ಇಂಚು ಬೆಳೆಸುವುದಕ್ಕೆ ಎರಡು ವರ್ಷ ಬೆವರು ಸುರಿಸಿದ್ದೀರಿ. ಆ ಸ್ನಾಯು ನಿಜವಾದದ್ದು, ಅದರಲ್ಲಿ ಬಲವೂ ಇದೆ. ಆ ಬಲವನ್ನು ಚೀಲ ಎತ್ತುವ ಕೆಲಸಕ್ಕೆ ನೀವಿನ್ನೂ ಪಳಗಿಸಿಲ್ಲ, ಅಷ್ಟೇ.

ತೇರು ಎಳೆಯುವುದನ್ನು ನೋಡಿದ್ದೀರಿ ಅಲ್ವಾ? ಹಗ್ಗ ಹಿಡಿದವರು ನೂರು ಜನ ಇದ್ದರೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಗಾಲಿ ಕದಲುವುದಿಲ್ಲ. ಐವತ್ತೇ ಜನ ಒಂದೇ ಉಸಿರಿಗೆ ಎಳೆದರೆ ತೇರು ಹೊರಡುತ್ತದೆ. ಸ್ನಾಯುವಿನ ಗಾತ್ರ ಅಂದರೆ ಹಗ್ಗ ಹಿಡಿದವರ ಸಂಖ್ಯೆ. ಅವರನ್ನೆಲ್ಲ ಒಟ್ಟಿಗೆ ಎಳೆಸುವುದು ಮಿದುಳು ಮತ್ತು ನರಗಳ ಕೆಲಸ. ಸ್ನಾಯುವಿನ ಎಷ್ಟು ಎಳೆಗಳನ್ನು ಒಮ್ಮೆಗೇ ಎಬ್ಬಿಸಬೇಕು, ಎಷ್ಟು ವೇಗವಾಗಿ ಸೂಚನೆ ಕಳಿಸಬೇಕು, ಅಡ್ಡ ಬರುವ ಸ್ನಾಯುವನ್ನು ಹೇಗೆ ಸಡಿಲ ಬಿಡಬೇಕು ಎಂಬುದನ್ನೆಲ್ಲ ನರಗಳು ಅಭ್ಯಾಸದಿಂದಲೇ ಕಲಿಯುತ್ತವೆ. ಆ ಅಣ್ಣ ವರ್ಷಗಟ್ಟಲೆ ದಿನಾ ಮಾಡಿದ್ದು ಇದೇ ಅಭ್ಯಾಸ.

ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರನ್ನೇ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಅವರು ಸ್ಪರ್ಧಿಸಿದ್ದು 56 ಕೆಜಿ ವಿಭಾಗದಲ್ಲಿ. ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಬೀಸಿಗೆ ತಲೆಯ ಮೇಲೆ) 111 ಕೆಜಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ) 138 ಕೆಜಿ ಎತ್ತಿ ಬೆಳ್ಳಿ ಗೆದ್ದರು. ತಮ್ಮ ಮೈತೂಕದ ಎರಡೂವರೆ ಪಟ್ಟಿಗೆ ಹತ್ತಿರದ ಭಾರ ತಲೆಯ ಮೇಲೆ! ಅವರನ್ನು ಸುಮ್ನೆ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ನೋಡಿದರೆ ಯಾರೂ ಊಹಿಸಲಾರರು.

ಗಾತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಹಗ್ಗಕ್ಕೆ ಜನ ಜಾಸ್ತಿಯಾದಷ್ಟೂ ಒಳ್ಳೆಯದೇ. ಆದರೆ ಗಾತ್ರಕ್ಕೂ ಬಲಕ್ಕೂ ತರಬೇತಿ ಕೊಂಚ ಬೇರೆ.

ನೀವು ಡೆಡ್‌ಲಿಫ್ಟ್‌ನಲ್ಲಿ, ಅಂದರೆ ತೂಕ ಹಾಕಿದ ಬಾರನ್ನು (ಕಬ್ಬಿಣದ ಸರಳು) ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದರಲ್ಲಿ, ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕ 100 ಕೆಜಿ ಅಂದುಕೊಳ್ಳೋಣ. ಬಲ ಬೇಕಿದ್ದರೆ 85ರಿಂದ 90 ಕೆಜಿ ಹಾಕಿ, ಒಂದು ಸೆಟ್‌ಗೆ, ಅಂದರೆ ವಿಶ್ರಾಂತಿ ಇಲ್ಲದ ಒಂದು ಸುತ್ತಿಗೆ, ಮೂರರಿಂದ ಐದು ಸಲ ಎತ್ತಿ. ಸೆಟ್‌ಗಳ ನಡುವೆ ಮೂರರಿಂದ ಐದು ನಿಮಿಷ ವಿಶ್ರಾಂತಿ ಬೇಕೇ ಬೇಕು. ಸುಸ್ತಾದ ನರಗಳು ಏನನ್ನೂ ಸರಿಯಾಗಿ ಕಲಿಯುವುದಿಲ್ಲ. ಗಾತ್ರಕ್ಕಾದರೆ 65ರಿಂದ 75 ಕೆಜಿ, ಎಂಟರಿಂದ ಹನ್ನೆರಡು ಸಲ. ಇನ್ನೊಂದೆರಡು ಸಲ ಮಾತ್ರ ಆಗುತ್ತದೆ ಅನ್ನುವ ಹಂತದವರೆಗೂ ಹೋಗಬೇಕು. ಗಾತ್ರದ ವಿಷಯದಲ್ಲಿ ದೇಹ ತುಂಬ ಧಾರಾಳಿ. ಹಗುರ ತೂಕವನ್ನು 25 ಸಲ ಎತ್ತಿದರೂ, ಕೊನೆಗೆ ಕೈ ಸೋಲುವಷ್ಟು ಎತ್ತಿದರೆ, ಸ್ನಾಯು ಬೆಳೆಯುತ್ತದೆ. ವಾರಕ್ಕೆ ಆ ಸ್ನಾಯುವಿಗೆ ಒಟ್ಟು ಎಷ್ಟು ಸೆಟ್ ಕೆಲಸ ಸಿಕ್ಕಿತು ಎಂಬುದೇ ಅಲ್ಲಿ ಮುಖ್ಯ. ಹತ್ತು ಸೆಟ್ ಒಳ್ಳೆಯ ಗುರಿ. ಬಲ ಅಷ್ಟು ಧಾರಾಳಿ ಅಲ್ಲ. ಭಾರ ಎತ್ತುವುದನ್ನು ಕಲಿಯಲು ಭಾರವನ್ನೇ ಎತ್ತಬೇಕು.

2014ರಲ್ಲಿ ಅಮೆರಿಕದ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ತೋರಿಸಿದರು. ಆಗಲೇ ಜಿಮ್ ಅನುಭವವಿದ್ದ ಗಂಡಸರಲ್ಲಿ ಒಂದು ಗುಂಪು ಮೂರು ಸೆಟ್, ಹತ್ತತ್ತು ಸಲ ಮಾಡಿತು. ಇನ್ನೊಂದು ಗುಂಪು ಜಾಸ್ತಿ ಭಾರ ಹಾಕಿ ಏಳು ಸೆಟ್, ಮೂರು ಮೂರು ಸಲ. ಎಂಟು ವಾರದ ಕೊನೆಗೆ ತೋಳಿನ ಸ್ನಾಯು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆ ದಪ್ಪವಾಗಿತ್ತು. ಬೆಂಚ್ ಪ್ರೆಸ್‌ನ (ಅಂಗಾತ ಮಲಗಿ ಎದೆಯಿಂದ ಭಾರ ಮೇಲೆ ತಳ್ಳುವುದು) ಬಲದಲ್ಲಿ ಮಾತ್ರ ಭಾರದ ಗುಂಪಿನದ್ದೇ ಮೇಲುಗೈ. ಆದರೆ ಅವರ ಒಂದೊಂದು ದಿನದ ತರಬೇತಿಗೂ ಬಹಳ ಹೊತ್ತು ಹಿಡಿಯಿತು, ಕೀಲುನೋವಿನ ದೂರೂ ಅವರಲ್ಲೇ ಜಾಸ್ತಿ. ನಾನು ಯಾರಿಗೂ ವರ್ಷವಿಡೀ ಬರೀ ಭಾರ ಎತ್ತಿಸದೇ ಇರುವುದು ಇದಕ್ಕೇ.

ಈಗ ನಿಮ್ಮ ಪತ್ರಕ್ಕೆ ಮತ್ತೆ ಬರುತ್ತೇನೆ. ಅದರಲ್ಲಿ ತೋಳಿದೆ, ಎದೆಯಿದೆ. ಕಾಲಿಲ್ಲ, ಸೊಂಟವಿಲ್ಲ, ಬೆನ್ನಿಲ್ಲ. ಚೀಲ ಏಳುವುದು ತೊಡೆ ಮತ್ತು ಸೊಂಟದ ಕಸುವಿನಿಂದ. ತೋಳು ಕೊಕ್ಕೆಯ ಹಾಗೆ ಹಿಡಿದುಕೊಂಡರೆ ಸಾಕು. ಹಾಗಾಗಿ ಮುಂದಿನ ನಾಲ್ಕು ತಿಂಗಳು ಹೀಗೆ ಮಾಡಿ. ವಾರಕ್ಕೆ ಎರಡು ದಿನ ಸ್ಕ್ವಾಟ್ (ಹೆಗಲ ಮೇಲೆ ಭಾರ ಇಟ್ಟು ಬಸ್ಕಿ) ಮತ್ತು ಡೆಡ್‌ಲಿಫ್ಟ್‌ನಿಂದಲೇ ಶುರು ಮಾಡಿ. ಮೊದಲ ತಿಂಗಳು ಎಂಟು ಸಲದ ಸೆಟ್ ಮಾಡಿ, ಆಮೇಲೆ ನಿಧಾನವಾಗಿ ತೂಕ ಏರಿಸಿ ಐದು ಸಲಕ್ಕೆ ಇಳಿಯಿರಿ. ಎದೆ, ತೋಳಿನ ಸೆಟ್‌ಗಳು ಆಮೇಲೆ ಇರಲಿ, ಬಿಡುವುದು ಬೇಡ. ವಾರಕ್ಕೊಂದು ದಿನ ಮನೆಯಲ್ಲೇ ಚೀಲಕ್ಕೆ 30 ಕೆಜಿ ಮರಳು ತುಂಬಿ ಎತ್ತಿ, ಅಪ್ಪಿಕೊಂಡು ಇಪ್ಪತ್ತು ಹೆಜ್ಜೆ ನಡೆಯಿರಿ. ಚೀಲಕ್ಕೆ ಬಾರ್‌ನ ಹಾಗೆ ಹಿಡಿಕೆ ಇರುವುದಿಲ್ಲ, ಒಳಗಿನ ಭಾರವೂ ಜಾರುತ್ತಿರುತ್ತದೆ. ಅದನ್ನು ಎತ್ತಿಯೇ ಕಲಿಯಬೇಕು. ನಮ್ಮ ಗರಡಿಯ ಪೈಲ್ವಾನರೂ ದಂಡ, ಬಸ್ಕಿ ಹೊಡೆದು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಮಟ್ಟಿಗಿಳಿದು ಜೊತೆಯವನ ಮೇಲೆ ಪಟ್ಟು ಹಾಕಿಯೇ ಹಾಕುತ್ತಿದ್ದರು.

ಒಂದು ಎಚ್ಚರಿಕೆ. ಸ್ನಾಯು ಬೇಗ ಬಲವಾಗುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ. ಆಗುತ್ತದೆ ಅನ್ನಿಸಿದರೂ ವಾರಕ್ಕೆ ಎರಡೂವರೆ ಕೆಜಿಗಿಂತ ಜಾಸ್ತಿ ಏರಿಸಬೇಡಿ.

ಪ್ರಶ್ನೆ: ಮುಂದಿನ ತಿಂಗಳು ಜಿಮ್ ಸೇರುತ್ತಿದ್ದೇನೆ. ಗಾತ್ರ, ಬಲ ಇವೆರಡರಲ್ಲಿ ಯಾವುದನ್ನು ಆರಿಸಲಿ?

ಉತ್ತರ: ಮೊದಲ ಆರು ತಿಂಗಳು ಯಾವುದನ್ನೂ ಆರಿಸಬೇಡಿ. ಹೊಸಬರಿಗೆ ಎರಡೂ ಒಟ್ಟಿಗೇ ಬರುತ್ತವೆ. ಮೊದಲ ಕೆಲವು ವಾರ ಎತ್ತುವ ತೂಕ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಅದು ನರಗಳು ಕಲಿಯುವ ಕಾಲ, ಬೇಜಾರು ಮಾಡಿಕೊಳ್ಳಬೇಡಿ. ಎತ್ತುವ ರೀತಿ ಸರಿಯಾಗಿ ಕಲಿತುಕೊಳ್ಳಿ.

ಪ್ರಶ್ನೆ: ನನಗೆ 54 ವರ್ಷ, ಮೈಸೂರಿನವಳು. ಮೂಳೆ ಸವೆಯಲು ಶುರುವಾಗಿದೆ, ತೂಕ ಎತ್ತಿ ಎಂದು ಡಾಕ್ಟರ್ ಹೇಳಿದ್ದಾರೆ. ಗಂಡಸರ ಹಾಗೆ ಮೈ ಉಬ್ಬುತ್ತದೇನೋ ಎಂಬ ಹೆದರಿಕೆ. ಮಗಳು ಅರ್ಧ ಕೆಜಿಯ ಡಂಬಲ್ ತಂದುಕೊಟ್ಟಿದ್ದಾಳೆ, ಸಾಕಾ?

ಉತ್ತರ: ಮೈ ಉಬ್ಬುವುದಿಲ್ಲಮ್ಮ. ಗಂಡಸರಲ್ಲಿ ಸ್ನಾಯು ಉಬ್ಬಿಸುವ ಟೆಸ್ಟೋಸ್ಟಿರಾನ್ ಹಾರ್ಮೋನು ನಿಮ್ಮಲ್ಲಿರುವುದು ತೀರಾ ಕಡಿಮೆ. ಅರ್ಧ ಕೆಜಿ ಮಾತ್ರ ಸಾಕಾಗುವುದಿಲ್ಲ. ಮಾರುಕಟ್ಟೆಯಿಂದ ತರುವ ತರಕಾರಿ ಚೀಲವೇ ಅದಕ್ಕಿಂತ ಭಾರ ಅಲ್ವಾ?

ವಯಸ್ಸಾದಂತೆ ಸ್ನಾಯು ಕರಗುವುದಕ್ಕಿಂತ ಬೇಗ ಬಲ ಕುಗ್ಗುತ್ತದೆ. ಹಾಗಾಗಿ ನಿಮ್ಮ ವಯಸ್ಸಿನಲ್ಲಿ ಬಲದ ತರಬೇತಿಯೇ ಮೊದಲು ಅನ್ನುತ್ತೇನೆ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆರಡು ದಿನ, ಅರ್ಧರ್ಧ ಗಂಟೆ ನಿಜವಾದ ಭಾರವನ್ನೇ ಎತ್ತಿಸಿದರು. ಐದು ಸೆಟ್, ಐದೈದು ಸಲ. ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು ಎಂದು 2018ರಲ್ಲಿ ವರದಿಯಾಯಿತು. ಆದರೆ ಅವರೆಲ್ಲ ತರಬೇತುದಾರರ ಕಣ್ಣೆದುರಿಗೇ, ಹಗುರದಿಂದ ಶುರುಮಾಡಿ ಆ ಭಾರಕ್ಕೆ ಬಂದವರು. ನೀವೂ ಹಾಗೇ ಮಾಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಮೊದಲ ಪಾಠ. ಹತ್ತು ಸಲ ಸಲೀಸಾದ ಮೇಲೆ ಎದೆಗೆ ಎರಡು ಕೆಜಿ ಅವುಚಿಕೊಳ್ಳಿ, ಆಮೇಲೆ ನಾಲ್ಕು. ಉಸಿರು ಕಟ್ಟಬೇಡಿ. ಬಿಪಿ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಸಸ್ಯಾಹಾರಿ ನಾನು, ತೂಕ 60 ಕೆಜಿ. ಪ್ರೋಟೀನ್ ಪೌಡರ್ ಇಲ್ಲದೆ ಸ್ನಾಯು ಬೆಳೆಯುತ್ತಾ?

ಉತ್ತರ: ಬೆಳೆಯುತ್ತದೆ. ಮೈತೂಕದ ಒಂದೊಂದು ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, ನಿಮಗೆ 96 ಗ್ರಾಂ ಆಗುತ್ತದೆ. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, ಅರ್ಧ ಲೀಟರ್ ಹಾಲಿನಲ್ಲಿ 16, 100 ಗ್ರಾಂ ಹುರುಳಿಯಲ್ಲಿ 22ರ ಸುಮಾರು ಸಿಗುತ್ತದೆ. ಉಳಿದದ್ದು ಬೇಳೆ, ಮೊಸರು, ಶೇಂಗಾ, ಮುದ್ದೆಯಲ್ಲಿ ಬರುತ್ತದೆ. ಹುರುಳಿಯನ್ನು ಮೊಳಕೆ ಕಟ್ಟಿ ಸಾರು ಮಾಡುವಾಗ ಬರೀ ಕಟ್ಟು ಕುಡಿದು ಕಾಳು ಬಿಡಬೇಡಿ. ಪ್ರೋಟೀನ್ ಜಾಸ್ತಿ ಇರುವುದು ಕಾಳಿನಲ್ಲೇ.