ಮಿಲ್ಲಿನ ಅಜ್ಜನನ್ನು ಮುಂದಕ್ಕೆ ತನ್ನಿ

ನಮಸ್ಕಾರ.

ದಾವಣಗೆರೆಯಿಂದ ನೀವು ಕಳಿಸಿದ ‘ಸಮಾಜ ಹೇಗೆ ಬದಲಾಗುತ್ತದೆ’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಆರು ಪುಟಗಳಲ್ಲಿ ಸಮಾಜದ ಬಗ್ಗೆ ಚಿಂತಿಸಿದ ಕಾಮ್ಟ್, ಸ್ಪೆನ್ಸರ್, ಮಾರ್ಕ್ಸ್, ಡರ್ಖೈಮ್, ವೆಬರ್ ಒಬ್ಬರ ಹಿಂದೆ ಒಬ್ಬರು ಬಂದು, ಹುಟ್ಟಿದ ವರ್ಷ ಸತ್ತ ವರ್ಷ ಹೇಳಿ ಹೋಗುತ್ತಾರೆ. ಅದು ಪರೀಕ್ಷೆಯ ನೋಟ್ಸ್. ಕೊನೆಯ ಪುಟದಲ್ಲಿ ನಿಮ್ಮ ಅಜ್ಜ ಬರುತ್ತಾರೆ. ಹತ್ತಿ ಮಿಲ್ಲಿನಲ್ಲಿದ್ದವರು, ಮಿಲ್ಲು ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಗೆ ಹೋದವರು. ಐದೇ ಸಾಲು! ನಿಜವಾದ ಲೇಖನ ಅಲ್ಲಿದೆ.

ಒಂದು ತಪ್ಪು ಹೇಳಲೇಬೇಕು. ‘ಹಳ್ಳಿ ಒಡೆದರೆ ಸಮಾಜವೇ ಒಡೆಯುತ್ತದೆ ಎಂದ ಡರ್ಖೈಮ್’ ಅಂತ ಬರೆದಿದ್ದೀರಿ. ಫ್ರಾನ್ಸಿನ ಆ ಸಮಾಜಶಾಸ್ತ್ರಜ್ಞ ಹಾಗೆ ಹೇಳಿಲ್ಲ. ಶ್ರಮ ವಿಭಜನೆ ಕುರಿತ 1893ರ ಪುಸ್ತಕದಲ್ಲಿ ಆತನ ವಾದವೇ ಬೇರೆ. ಎಲ್ಲರೂ ಒಂದೇ ಥರ ದುಡಿದು, ಒಂದೇ ಥರ ನಂಬುವ ಕಡೆ ಆ ಹೋಲಿಕೆಯೇ ಜನರನ್ನು ಕೂಡಿಸುತ್ತದೆ. ಕೆಲಸ ಹಂಚಿಹೋದ ಮೇಲೆ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯೋದಿಲ್ಲ ಅನ್ನುವುದೇ ಹೊಸ ನಂಟು. ಭಟ್ಟಿಯನ್ನೇ ನೋಡಿ. ಭತ್ತ ತರುವವರು, ನೆನೆಸುವವರು, ಕಾದ ಮರಳಿನಲ್ಲಿ ಹುರಿಯುವವರು, ಚೀಲ ಹೊರುವವರು. ಒಬ್ಬರು ಬರದಿದ್ದರೆ ಉಳಿದವರ ಕೆಲಸವೂ ನಿಂತಿತು, ಅಲ್ವಾ?

ಆದರೆ ಬರೀ ಕರಾರಿನಿಂದ ಸಮಾಜ ನಿಲ್ಲುವುದಿಲ್ಲ ಅಂತಲೂ ಡರ್ಖೈಮ್ ಹೇಳಿದ. ಕೊಟ್ಟ ಮಾತಿಗೆ ತಪ್ಪಬಾರದು ಎಂಬ ನಂಬಿಕೆ ಕರಾರಿಗಿಂತ ಮೊದಲೇ ಊರಿನಲ್ಲಿ ಇರಬೇಕು. ನಿಮ್ಮ ಅಜ್ಜನಿಗೆ ಭಟ್ಟಿಯ ಮಾಲೀಕರು ಮುಂಗಡ ಕೊಟ್ಟರು ಅಂತ ಬರೆದಿದ್ದೀರಲ್ಲ, ಯಾವ ಧೈರ್ಯದ ಮೇಲೆ ಕೊಟ್ಟರು? ಅಜ್ಜನನ್ನೇ ಕೇಳಿ. ಇನ್ನೊಂದು ಮಾತನ್ನೂ ಬಿಡಬೇಡಿ. ಹುಟ್ಟಿನ ಕಾರಣಕ್ಕೆ ಕೆಲಸ ಕೊರಳಿಗೆ ಬಿದ್ದರೆ ಈ ಒಗ್ಗಟ್ಟು ಬೆಳೆಯುವುದಿಲ್ಲ ಎಂದು ಆತನೇ ಎಚ್ಚರಿಸಿದ್ದಾನೆ. ನಮ್ಮ ಕಡೆ ಇದನ್ನು ಹೇಳದೆ ಡರ್ಖೈಮ್ ಬಗ್ಗೆ ಬರೆಯುವುದು ಅರ್ಧ ಕೆಲಸ.

ಮಾರ್ಕ್ಸ್ ಆದರೆ ಮೊದಲು ಕೇಳುತ್ತಿದ್ದುದು ಬೇರೆ: ಮಿಲ್ಲು ಯಾರದು, ಲಾಭ ಯಾರ ಕೈಗೆ? ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾಗಿ ಗೆದ್ದ ಊರು ನಿಮ್ಮದು. ಅಲ್ಲಿ ಕೂತು ಮಾರ್ಕ್ಸ್ ಬಗ್ಗೆ ಬರೆಯುವಾಗ ಮಿಲ್ ಕಾರ್ಮಿಕರ ಸಂಘದ ಹೆಸರೇ ಇಲ್ಲ ಅಂದರೆ ನನಗೆ ಬೇಸರವಾಗುತ್ತದೆ. ಇಬ್ಬರ ಪ್ರಶ್ನೆಗಳನ್ನೂ ಅದೇ ಮಿಲ್ಲಿನ ಮೇಲೆ ಇಟ್ಟು ನೋಡಿ. ಯಾವುದು ಎಲ್ಲಿ ಸಾಲದು ಅಂತ ನಿಮಗೇ ಗೊತ್ತಾಗುತ್ತದೆ.

ಕಾಮ್ಟ್, ಸ್ಪೆನ್ಸರ್ ಬೇಡ. ವೆಬರ್ ಇನ್ನೊಂದು ಲೇಖನಕ್ಕಿರಲಿ. ವರ್ಷಗಳನ್ನೆಲ್ಲ ತೆಗೆಯಿರಿ, 1893 ಒಂದು ಸಾಕು. ನಾಲ್ಕು ಪುಟ ಮೀರಬೇಡಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ